ಆಫ್ ಆಗದ ಅಯಸ್ಕಾಂತ: ಕಂಬಂ ಕಣಿವೆಯ ಒಂದು ಮೋಟಾರ್ ಅಂಗಡಿಯಿಂದ ನಿಯೋಡಿಮಿಯಂ ಕಂಡದ್ದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಂಡಿದ್ದೇನೆ.)

ಧ್ವನಿ ಕೇಳಿಸ್ತಿದೆ ಅಂತ ಚಾಟ್‌ನಲ್ಲಿ ಬರೆದಿದ್ದೀರಿ, ಧನ್ಯವಾದ. ಸ್ಲೈಡ್‌ಗಳು ಕಡಿಮೆ, ಲೆಕ್ಕ ಸ್ವಲ್ಪ ಇದೆ. ವಿಷಯ ಪ್ರಬಲ ನಿಯೋಡಿಮಿಯಂ ಅಯಸ್ಕಾಂತಗಳ ಗುಣ ಮತ್ತು ಅವುಗಳನ್ನು ಸುರಕ್ಷಿತವಾಗಿ ಬಳಸುವ ಬಗೆ. ಆದರೆ ನಾನು ಪಠ್ಯಪುಸ್ತಕದ ಕಡೆಯಿಂದ ಇದಕ್ಕೆ ಬಂದವನಲ್ಲ. ನಮ್ಮ ಚಿಕ್ಕಪ್ಪ ಕೇಳಿದ ಒಂದು ಪ್ರಶ್ನೆಯಿಂದ ಬಂದೆ. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಮನೆತನ ತೇನಿ ಜಿಲ್ಲೆಯ ಚಿನ್ನಮನೂರು ಕಡೆಯದು. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ; ನಮ್ಮದೂ ಅಂಥದ್ದೇ. ಚಿಕ್ಕಪ್ಪ ಮೋಟಾರ್ ವೈಂಡಿಂಗ್ ಮಾಡುವವರು. ದ್ರಾಕ್ಷಿ ತೋಟದ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಅವರ ಕೈಗೆ ಬಾರದ್ದಿಲ್ಲ. ಎರಡು ವರ್ಷದ ಹಿಂದೆ ಅವರಿಗೆ ಪೇಸ್‌ಮೇಕರ್ ಹಾಕಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಂಗಡಿಗೆ ಎಲೆಕ್ಟ್ರಿಕ್ ಸ್ಕೂಟರ್‌ಗಳ ಹಿಂಬದಿ ಚಕ್ರಗಳು ರಿಪೇರಿಗೆ ಬರಲು ಶುರುವಾದವು. ಚಕ್ರದೊಳಗೇ ಮೋಟಾರ್ ಇರುವಂಥವು, ಹಬ್ ಮೋಟಾರ್ ಅಂತಾರಲ್ಲ, ಅವು. ನಾನು ರಜೆಗೆ ಹೋದಾಗ ಕೇಳಿದರು: "ಮಗಾ, ಡಾಕ್ಟರು ಮ್ಯಾಗ್ನೆಟ್ ಹತ್ರ ಹೋಗ್ಬೇಡಿ ಅಂದಿದಾರೆ. ಮೋಟಾರ್ ಅಂದ್ಮೇಲೆ ಮ್ಯಾಗ್ನೆಟ್ ತಾನೆ? ಫ್ಯೂಸ್ ಕಿತ್ತಿಟ್ಟು ಕೆಲಸ ಮಾಡಿದ್ರೆ ಆಯ್ತಲ್ಲ?"

ಅವರ ಮಟ್ಟಿಗೆ ಅದು ಸರಿಯಾದ ತರ್ಕವೇ. ಜೀವನಪೂರ್ತಿ ಅವರು ಮುಟ್ಟಿದ್ದು ಇಂಡಕ್ಷನ್ ಮೋಟಾರುಗಳನ್ನು. ಅಲ್ಲಿ ಕಾಂತಕ್ಷೇತ್ರ ಹುಟ್ಟುವುದು ಸುರುಳಿಯಲ್ಲಿ ಹರಿಯುವ ಕರೆಂಟಿನಿಂದ. ಕರೆಂಟ್ ಹೋಯಿತೋ, ಅದು ಬರೀ ಕಬ್ಬಿಣ ಮತ್ತು ತಾಮ್ರ. ಹಬ್ ಮೋಟಾರಿನಲ್ಲಿ ಹೊರಗಿನ ಉಂಗುರದ ಒಳಮೈಗೆ ನಿಯೋಡಿಮಿಯಂ ತುಂಡುಗಳನ್ನು ಸಾಲಾಗಿ ಅಂಟಿಸಿರುತ್ತಾರೆ. ಬ್ಯಾಟರಿ ಕಿತ್ತರೂ, ಚಕ್ರವನ್ನು ಹತ್ತು ವರ್ಷ ಮೂಲೆಗೆ ಎಸೆದಿದ್ದರೂ ಅವು ಎಚ್ಚರವಾಗೇ ಇರುತ್ತವೆ. ಇದಕ್ಕೆ ಸ್ವಿಚ್ ಇಲ್ಲ. ಇವತ್ತು ನಾನು ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಮೊದಲು ಇದು ಏನು ಅಂತ ಸ್ವಲ್ಪ ನೋಡೋಣ. ನಿಯೋಡಿಮಿಯಂ ಅಯಸ್ಕಾಂತ ಅನ್ನುವ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಈ ಸಂಯುಕ್ತದಲ್ಲಿ ನಿಯೋಡಿಮಿಯಂನ 2 ಪರಮಾಣುಗಳಿಗೆ ಕಬ್ಬಿಣದ್ದು 14, ಬೋರಾನ್‌ನದು 1. ತೂಕದಲ್ಲಿ ಲೆಕ್ಕ ಹಾಕಿದರೆ ಶೇ. 72ರಷ್ಟು ಕಬ್ಬಿಣವೇ, ನಿಯೋಡಿಮಿಯಂ ಶೇ. 27ರ ಆಸುಪಾಸು. ಬಲ ಕೊಡುವುದು ಬಹುಪಾಲು ಕಬ್ಬಿಣ. ನಿಯೋಡಿಮಿಯಂ ಮಾಡುವ ಕೆಲಸ ಬೇರೆ: ಹರಳಿನೊಳಗೆ ಆ ಬಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ಹಾಗೆ ಹಿಡಿದಿಡುವುದು. ಮೆದು ಕಬ್ಬಿಣವನ್ನು ಸುಲಭವಾಗಿ ಕಾಂತವಾಗಿಸಬಹುದು, ಅಷ್ಟೇ ಸುಲಭವಾಗಿ ಅದು ಮರೆತೂಬಿಡುತ್ತದೆ. ಇದು ಮರೆಯುವುದಿಲ್ಲ.

ಇದರ ಹುಟ್ಟಿನ ಕಥೆಯಲ್ಲಿ ಒಂದು ಅಭಾವ ಇದೆ. ಆಗ ಬಲಿಷ್ಠ ಅಯಸ್ಕಾಂತ ಅಂದರೆ ಸಮೇರಿಯಂ-ಕೋಬಾಲ್ಟ್. 1978ರಲ್ಲಿ ಆಗಿನ ಜಾಯಿರ್ ದೇಶದ ಗಣಿ ಪ್ರಾಂತ್ಯದಲ್ಲಿ ಗಲಭೆಯಾಗಿ ಕೋಬಾಲ್ಟ್ ಬೆಲೆ ಗಗನಕ್ಕೇರಿತು. ಕೋಬಾಲ್ಟ್ ಬಿಟ್ಟು ಕಬ್ಬಿಣದಲ್ಲೇ ಮಾಡಲು ಆಗುತ್ತಾ ಅಂತ ಹುಡುಕಾಟ ನಡೆಯಿತು. ಜಪಾನಿನ ಮಸಾಟೊ ಸಗಾವಾ ಪುಡಿಯನ್ನು ಒತ್ತಿ ಕಾಯಿಸಿ ಗಟ್ಟಿ ಮಾಡುವ ದಾರಿಯಲ್ಲಿ, ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಕರಗಿದ ಲೋಹವನ್ನು ತಿರುಗುವ ಚಕ್ರದ ಮೇಲೆ ಚಿಮ್ಮಿಸಿ ತಟ್ಟನೆ ತಣಿಸುವ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ವಸ್ತುವಿಗೆ ಬಂದು ಮುಟ್ಟಿದರು. 1983ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಒಂದೇ ಸಮ್ಮೇಳನದಲ್ಲಿ ಇಬ್ಬರ ಕೆಲಸವೂ ಬೆಳಕಿಗೆ ಬಂತು. ನಮ್ಮ ಮಣವಾಳಕುರಿಚ್ಚಿ, ಚವರ ಕಡಲತೀರದ ಮೊನಜೈಟ್ ಮರಳಿನಲ್ಲೂ ನಿಯೋಡಿಮಿಯಂ ಇದೆ ಅನ್ನುವುದನ್ನು ಪಕ್ಕಕ್ಕೆ ಹೇಳಿ ಮುಂದೆ ಹೋಗ್ತೀನಿ.

ಈಗ ಒಂದು ಹೋಲಿಕೆ. ತೇನಿ ಜಿಲ್ಲೆಗೆ ಅಯಸ್ಕಾಂತದ ಲೋಕದಲ್ಲಿ ಒಂದು ದೊಡ್ಡ ಹೆಸರಿದೆ, ಕಾಗದದ ಮೇಲಾದರೂ. ಬೋಡಿ ಪಶ್ಚಿಮ ಬೆಟ್ಟದಲ್ಲಿ, ಪೊಟ್ಟಿಪುರಂ ಊರಿನ ಹತ್ತಿರ, ಭಾರತದ ನ್ಯೂಟ್ರಿನೊ ವೀಕ್ಷಣಾಲಯ ಬರಬೇಕಿತ್ತು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ ಸ್ಥಳೀಯರ ವಿರೋಧ, ಪರಿಸರ ಅನುಮತಿಯ ವ್ಯಾಜ್ಯ, ಹುಲಿಗಳ ಓಡಾಟದ ಹಾದಿ ಕೆಡುತ್ತದೆ ಅನ್ನುವ ರಾಜ್ಯ ಸರ್ಕಾರದ ನಿಲುವು, ಹೀಗೆ ಅದು ನಿಂತಿದೆ. ಆ ವಾದಕ್ಕೆ ನಾನು ಇವತ್ತು ಹೋಗುವುದಿಲ್ಲ. ನಮಗೆ ಬೇಕಾದದ್ದು ಅಲ್ಲಿನ ಉಪಕರಣದ ವಿನ್ಯಾಸ: ಸುಮಾರು 50,000 ಟನ್ ಕಬ್ಬಿಣದ ತಗಡುಗಳು, 151 ಪದರ, ಪ್ರತಿ ತಗಡು 5.6 ಸೆಂ.ಮೀ. ದಪ್ಪ, ಒಳಗೆ ಸುಮಾರು 1.5 ಟೆಸ್ಲಾ ಕ್ಷೇತ್ರ. ನ್ಯೂಟ್ರಿನೊ ಬಡಿದಾಗ ಹುಟ್ಟುವ ಮ್ಯುಆನ್ ಕಣ ಎಡಕ್ಕೆ ಬಾಗುತ್ತದೋ ಬಲಕ್ಕೋ ಅಂತ ನೋಡಿ ಅದರ ವಿದ್ಯುದಂಶ ತಿಳಿಯುವುದಕ್ಕೆ ಆ ಕ್ಷೇತ್ರ ಬೇಕು. (ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಕಂಡ ಪರಂಪರೆಯ ಮುಂದುವರಿಕೆ ಇದು.) ಇದರ 85 ಟನ್ನಿನ ಪುಟ್ಟ ಮಾದರಿ ಮದುರೈಯಲ್ಲಿದೆ. ಅದರ ತಾಮ್ರದ ಸುರುಳಿಗಳಲ್ಲಿ ನೂರಾರು ಆಂಪಿಯರ್ ಹರಿಸುತ್ತಾರೆ.

ಗಮನಿಸಿ: ಅಲ್ಲಿ 1.5 ಟೆಸ್ಲಾ. ನಮ್ಮ ಮೇಜಿನ ಮೇಲಿನ ಎನ್ 52 ದರ್ಜೆಯ ನಿಯೋಡಿಮಿಯಂ ಬಿಲ್ಲೆಯ ಉಳಿಕೆ ಕಾಂತತ್ವ ಸುಮಾರು 1.45 ಟೆಸ್ಲಾ. ಅಂಕಿ ನೋಡಿದರೆ ಅಣ್ಣತಮ್ಮಂದಿರು! ಹಾಗಾದರೆ ಅಪಾಯ ಟೆಸ್ಲಾದಲ್ಲಿ ಇಲ್ಲ. ಆ ದೈತ್ಯ ಯಂತ್ರದಲ್ಲಿ ಕಾಂತರೇಖೆಗಳು ಕಬ್ಬಿಣದೊಳಗೇ ಸುತ್ತಿ ಮುಚ್ಚಿಕೊಳ್ಳುತ್ತವೆ. ಹೊರಗೆ ಬರುವುದು ಅದರ ಸಣ್ಣ ಪಾಲು. ಮುಚ್ಚಿದ ಕಬ್ಬಿಣದ ದಾರಿಯಾದ್ದರಿಂದಲೇ ಅಷ್ಟು ದೊಡ್ಡ ಗಾತ್ರವನ್ನು ಸುರುಳಿಯ ಕರೆಂಟಿನಿಂದ ಕಾಂತವಾಗಿಸಲು ಸಾಧ್ಯ. ಜೊತೆಗೆ ತಗಡು ಜೋಡಿಸುವಾಗ, ಬಿಚ್ಚುವಾಗ ಸ್ವಿಚ್ ಆರಿಸಬಹುದು. 50,000 ಟನ್ನಿನದ್ದು ಆಫ್ ಆಗುತ್ತದೆ, ಅಂಗೈಯಲ್ಲಿ ಹಿಡಿಯುವ ಬಿಲ್ಲೆ ಆಗುವುದಿಲ್ಲ, ಮತ್ತು ಬಿಲ್ಲೆಯ ಕಾಂತರೇಖೆಗಳು ಹೊರಗಿನ ಗಾಳಿಯಲ್ಲೇ ಸುತ್ತಬೇಕು. ಅಂದರೆ ನಮ್ಮ ಬೆರಳಿರುವ ಜಾಗದಲ್ಲಿ.

ಎನ್ 42, ಎನ್ 52 ಅಂದೆ. ಆ ಅಂಕಿ ಅಯಸ್ಕಾಂತ ಹಿಡಿದಿಡುವ ಗರಿಷ್ಠ ಶಕ್ತಿಯ ಅಳತೆ, ಮೆಗಾಗೌಸ್-ಆರ್ಸ್ಟೆಡ್‌ಗಳಲ್ಲಿ. ಅಂಕಿ ಹೆಚ್ಚಾದಷ್ಟೂ ಬಲ ಹೆಚ್ಚು. ಆದರೆ ಕೊಳ್ಳುವವರು ಇದನ್ನಷ್ಟೇ ನೋಡುತ್ತಾರೆ, ಅದರ ಪಕ್ಕದ ಅಕ್ಷರ ನೋಡುವುದಿಲ್ಲ. ಅಕ್ಷರ ಇಲ್ಲದ ಸಾಮಾನ್ಯ ದರ್ಜೆ 80 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ ತಡೆಯುತ್ತದೆ. ಎಂ ಇದ್ದರೆ 100, ಎಚ್ ಇದ್ದರೆ 120, ಎಸ್‌ಎಚ್ ಇದ್ದರೆ 150. ನೀರು ಕುದಿಯುವುದಕ್ಕೆ ಮುಂಚೆಯೇ ಸಾಮಾನ್ಯ ದರ್ಜೆಯದ್ದು ತನ್ನ ಬಲದ ಒಂದು ಭಾಗವನ್ನು ಕಳೆದುಕೊಳ್ಳಬಹುದು, ತಣ್ಣಗಾದ ಮೇಲೂ ಅದು ತಾನಾಗಿ ವಾಪಸ್ ಬರುವುದಿಲ್ಲ. ಸುಮಾರು 310 ಡಿಗ್ರಿ ದಾಟಿದರೆ ಕಾಂತತ್ವ ಪೂರ್ತಿ ಅಳಿಯುತ್ತದೆ. ಮೋಟಾರಿನಲ್ಲಿ ಬಿಚ್ಚಿಹೋದ ತುಂಡಿಗೆ ಬದಲಾಗಿ ಬಜಾರಿನಲ್ಲಿ ಸಿಕ್ಕ ಯಾವುದೋ ತುಂಡು ಅಂಟಿಸಿದರೆ, ಗುಡ್ಡದ ರಸ್ತೆ ಹತ್ತಿ ಬಿಸಿಯಾದ ದಿನ ಅದು ಸೋಲುತ್ತದೆ.

ಈಗ ಮುಖ್ಯ ಭಾಗ, ದೂರದ ಲೆಕ್ಕ. 40 ಮಿ.ಮೀ. ಅಡ್ಡಳತೆಯ, 20 ಮಿ.ಮೀ. ದಪ್ಪದ ಎನ್ 42 ಬಿಲ್ಲೆ ತೆಗೆದುಕೊಳ್ಳಿ. ತೂಕ 190 ಗ್ರಾಂ ಹತ್ತಿರ. ಇಂಥ ಎರಡನ್ನು ಒಂದೇ ಅಕ್ಷದ ಮೇಲೆ ಎದುರುಬದುರು ಹಿಡಿದೆವು ಅಂತಿಟ್ಟುಕೊಳ್ಳಿ. ಮಧ್ಯದಿಂದ ಮಧ್ಯಕ್ಕೆ 20 ಸೆಂ.ಮೀ. ಇರುವಾಗ ಎಳೆತ ಸುಮಾರು 26 ಗ್ರಾಂ ತೂಕದಷ್ಟು. ಗೊತ್ತೇ ಆಗುವುದಿಲ್ಲ. ದೂರ ಅರ್ಧಕ್ಕಿಳಿದು 10 ಸೆಂ.ಮೀ. ಆಯಿತು, ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು, ಅಂದರೆ 400 ಗ್ರಾಂ ದಾಟಿತು. ಈಗ ಬಿಲ್ಲೆಯ ಸ್ವಂತ ತೂಕಕ್ಕಿಂತ ಎಳೆತವೇ ಜಾಸ್ತಿ, ಮೇಜಿನ ಮೇಲಿಟ್ಟರೆ ತಾನೇ ಜಾರಿ ಹೊರಡುತ್ತದೆ. ಮುಟ್ಟುವಷ್ಟು ಹತ್ತಿರ ಬಂದಾಗ ನಾಲ್ಕನೇ ಘಾತದ ಈ ಸೂತ್ರ ನಡೆಯುವುದಿಲ್ಲ, ಬೇರೆ ಸೂತ್ರ ಬೇಕು: 1 ಟೆಸ್ಲಾ ಇರುವ ಕಡೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ. ಒತ್ತಡ. ನಮ್ಮ ಬಿಲ್ಲೆಯ ಮುಖ ಹನ್ನೆರಡೂವರೆ ಚದರ ಸೆಂಟಿಮೀಟರ್. ಗುಣಿಸಿದರೆ 50 ಕೆ.ಜಿ., ಒಂದು ಸಿಮೆಂಟ್ ಮೂಟೆ.

ಒಂದು ಗೇಣಿನೊಳಗೆ 26 ಗ್ರಾಮಿನಿಂದ ಸಿಮೆಂಟ್ ಮೂಟೆ. ಭಾರ ಎತ್ತುವಾಗ, ಬೆಂಕಿಯ ಹತ್ತಿರ ಹೋಗುವಾಗ ನಮ್ಮ ಕೈಗೆ ಮೊದಲೇ ಸೂಚನೆ ಸಿಗುತ್ತದೆ, ಹಿಂದೆ ಸರಿಯುತ್ತೇವೆ. ಇಲ್ಲಿ ಸೂಚನೆ ಬರುವುದಕ್ಕೂ ಬೆರಳು ಸಿಕ್ಕಿಕೊಳ್ಳುವುದಕ್ಕೂ ನಡುವೆ ಸಮಯವೇ ಇರುವುದಿಲ್ಲ.

ಇಷ್ಟೆಲ್ಲ ಲೆಕ್ಕ ಮಾಡಿದವನೇ ಪೆಟ್ಟು ತಿಂದದ್ದು ಅಂತ ಒಪ್ಪಿಕೊಳ್ಳಬೇಕು. ಹೋದ ದೀಪಾವಳಿ ರಜೆಯಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಒಂದು ಹಬ್ ಮೋಟಾರ್ ಬಿಚ್ಚಿದ್ದೆವು. ಒಳಗಿನ ಸುರುಳಿಯ ಭಾಗವನ್ನು ಪುಲ್ಲರ್ ಹಾಕಿ ಸರಿಯಾಗಿಯೇ ಹೊರಗೆ ತೆಗೆದೆವು. ವಾಪಸ್ ಕೂರಿಸುವಾಗ ಮಾತ್ರ, ಇಳಿಸೋದೇ ತಾನೆ ಅಂತ, ಎರಡೂ ಕೈಯಲ್ಲಿ ಹಿಡಿದು ಉಂಗುರದ ಮೇಲೆ ತಂದೆ. ಅದು ಕೈಯಿಂದ ಕಿತ್ತುಕೊಂಡು ಓರೆಯಾಗಿ ಒಳಗೆ ಬಡಿಯಿತು. ಎಡಗೈ ನಡುಬೆರಳ ತುದಿ ಮುಚ್ಚಳದ ಅಂಚಿಗೂ ಉಂಗುರಕ್ಕೂ ನಡುವೆ. ಎಳೆದರೆ ಬರುತ್ತಿಲ್ಲ. ಬಾಗಿಲ ಹತ್ತಿರ ಕೂತಿದ್ದ ಚಿಕ್ಕಪ್ಪ ನನ್ನ ಕೂಗು ಕೇಳಿ ಎದ್ದು ಓಡಿಬಂದರು. "ಚಿಕ್ಕಪ್ಪ, ನೀವು ಬರ್ಬೇಡಿ, ಅಲ್ಲೇ ನಿಲ್ಲಿ!" ಅಂತ ಕಿರುಚಿದೆ. ಆ ಕ್ಷಣದಲ್ಲಿ ಅವರ ಎದೆಗೂ ಬಿಚ್ಚಿದ ಉಂಗುರಕ್ಕೂ ನಡುವೆ ಎರಡು ಹೆಜ್ಜೆ ಇತ್ತು. ಅಂಗಡಿಯ ಹುಡುಗ ಮರದ ಬೆಣೆ ತೂರಿಸಿ, ಪುಲ್ಲರ್ ಹಾಕಿ ಬಿಡಿಸಿದ. ಉಗುರು ಹೋಯಿತು, ಮೂಳೆ ಉಳಿಯಿತು. ಆಮೇಲೆ ಚಿಕ್ಕಪ್ಪ ಬೈದದ್ದು ಬೆರಳಿಗಲ್ಲ. "ನನ್ನ ಅಂಗಡೀಲಿ ನನ್ನನ್ನೇ ನಿಲ್ಲಿಸ್ತೀಯಲ್ಲ" ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೇಸ್‌ಮೇಕರಿಗೆ ನಿಜವಾಗಿ ಏನಾಗುತ್ತೆ? ಅದರೊಳಗೆ ಅಯಸ್ಕಾಂತವನ್ನು ಗುರುತಿಸುವ ಒಂದು ಸಂವೇದಕ ಇರುತ್ತದೆ, ವೈದ್ಯರೇ ಪರೀಕ್ಷೆಗೆ ಬಳಸಲಿ ಅಂತ ಇಟ್ಟದ್ದು. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಯಂತ್ರ ಹೃದಯದ ಬಡಿತವನ್ನು ಗಮನಿಸುವುದನ್ನು ಬಿಟ್ಟು ನಿಗದಿತ ಲಯದಲ್ಲಿ ಮಿಡಿಯಲು ಶುರು ಮಾಡುತ್ತದೆ. ಅಯಸ್ಕಾಂತ ದೂರವಾದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರ್ ಆಗಿದ್ದರೆ ಸಂಗತಿ ಗಂಭೀರ: ಅಯಸ್ಕಾಂತ ಹತ್ತಿರ ಇರುವಷ್ಟು ಹೊತ್ತು ಅದು ಆಘಾತ ಕೊಡುವುದನ್ನೇ ನಿಲ್ಲಿಸಬಹುದು, ಬೇಕಾದ ಹೊತ್ತಿನಲ್ಲೂ. ಈ ಸಾಧನಗಳು 1 ಮಿಲಿಟೆಸ್ಲಾ ತನಕ ವಿಚಲಿತವಾಗಬಾರದು ಅನ್ನುವುದು ತಯಾರಿಕೆಯ ಮಾನದಂಡ. ನಮ್ಮ ಬಿಲ್ಲೆಯ ಕ್ಷೇತ್ರ 1 ಮಿಲಿಟೆಸ್ಲಾಕ್ಕೆ ಇಳಿಯುವುದು ಅಕ್ಷದ ಮೇಲೆ ಸುಮಾರು 17 ಸೆಂ.ಮೀ. ದೂರದಲ್ಲಿ. ಒಳಗೆ ಅಯಸ್ಕಾಂತ ಇರುವ ಮೊಬೈಲ್, ವಾಚುಗಳನ್ನು ಇಂಥ ಸಾಧನದಿಂದ 6 ಇಂಚು, ಅಂದರೆ 15 ಸೆಂ.ಮೀ. ದೂರ ಇಡಿ ಅಂತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಕ್ಷೇತ್ರ ಇಳಿಯುವುದು ದೂರದ ಮೂರನೇ ಘಾತದಲ್ಲಿ. ದೂರ ಇಮ್ಮಡಿಯಾದರೆ ಎಂಟನೇ ಒಂದು ಭಾಗ. ಹಾಗಾಗಿ ಒಂದೆರಡು ಮೊಳ ಹಿಂದೆ ನಿಂತರೆ ಸಿಗುವ ರಕ್ಷಣೆ ಯಾವ ಕವಚದಿಂದಲೂ ಸಿಗುವುದಿಲ್ಲ. ಹಬ್ ಮೋಟಾರಿನ ಉಂಗುರದಲ್ಲಿ ಉತ್ತರ, ದಕ್ಷಿಣ ಧ್ರುವಗಳು ಒಂದು ಬಿಟ್ಟು ಒಂದರಂತೆ ಇರುವುದರಿಂದ ದೂರದಲ್ಲಿ ಅವು ಪರಸ್ಪರ ಅಳಿಸಿಕೊಳ್ಳುತ್ತವೆ, ಕ್ಷೇತ್ರ ಇನ್ನೂ ಬೇಗ ಕುಸಿಯುತ್ತದೆ. ಮೊಬೈಲಿನ ದಿಕ್ಸೂಚಿ ಆ್ಯಪ್ ಹಾಕಿ ನೋಡಿದೆ. ಮುಚ್ಚಿದ ಚಕ್ರದಿಂದ ಒಂದು ಮೊಳ ದೂರಕ್ಕೆ ಬಂದರೆ ಅಂಕಿ ಭೂಮಿಯದ್ದೇ ಆದ 40 ಮೈಕ್ರೊಟೆಸ್ಲಾದ ಆಸುಪಾಸಿಗೆ ಇಳಿಯುತ್ತಿತ್ತು. ಅಂದರೆ ಇಡೀ ಚಕ್ರಕ್ಕಿಂತ ಕಿತ್ತುಬಂದ ಒಂಟಿ ತುಂಡು, ಅದೂ ಯಾರಾದರೂ ಅಂಗಿ ಜೇಬಿಗೆ ಹಾಕಿಕೊಂಡರೆ, ಹೆಚ್ಚು ಅಪಾಯಕಾರಿ. ಎದೆಯ ಜೇಬು ಇರುವ ಜಾಗ ನಿಮಗೇ ಗೊತ್ತು.

ಇದೇ ಕಣಿವೆಯಲ್ಲಿ ಈ ವಸ್ತು ಇನ್ನೆಲ್ಲಿದೆ ಅಂತ ನೋಡಿದೆ. ನೈಋತ್ಯ ಮಾರುತದ ಗಾಳಿ ಕಂಬಂ ಕಣಿವೆಯ ಕಡೆಯಿಂದ ನುಗ್ಗುತ್ತದೆ, ಆಂಡಿಪಟ್ಟಿ ಸುತ್ತಮುತ್ತ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಗೇರ್‌ಬಾಕ್ಸ್ ಇರುವ ಅನೇಕ ಯಂತ್ರಗಳಲ್ಲಿ ನಿಯೋಡಿಮಿಯಂ ಇಲ್ಲ. ಗೇರ್ ಇಲ್ಲದೆ ಶಾಶ್ವತ ಅಯಸ್ಕಾಂತದಿಂದ ನಡೆಯುವ ಬಗೆಯಲ್ಲಿ ಒಂದು ಮೆಗಾವ್ಯಾಟ್‌ಗೆ ಅಂದಾಜು 600 ಕೆ.ಜಿ. ಬೇಕು. ದಿಂಡಿಗಲ್, ತೇನಿ ಕಡೆಯ ನೂಲಿನ ಗಿರಣಿಗಳದ್ದು ಇನ್ನೊಂದು ಬಳಕೆ. ಹತ್ತಿಯ ಬೇಲಿನ ಜೊತೆ ಮೊಳೆ, ಪಟ್ಟಿಯ ತುಂಡು ಬ್ಲೋ ರೂಮಿನ ಬೀಟರಿಗೆ ಹೋದರೆ ಕಿಡಿ ಹಾರಿ ಬೆಂಕಿ ಹತ್ತುತ್ತದೆ. ಅದಕ್ಕೆ ಕೊಳವೆಯ ದಾರಿಯಲ್ಲಿ ಅಯಸ್ಕಾಂತ ಇಡುತ್ತಾರೆ. ಹಳೆಯ ಫೆರೈಟ್ ಅಯಸ್ಕಾಂತಕ್ಕೆ ಅಂಟಿದ ಮೊಳೆಗಳನ್ನು ಕೈಯಲ್ಲೇ ಸವರಿ ತೆಗೆದು ಅಭ್ಯಾಸ ಆದವರಿಗೆ ನಿಯೋಡಿಮಿಯಂ ಬಂದಾಗ ಅದೇ ಕೈ ಸವರುವುದು ಅಪಾಯ. ಮರದ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯಬೇಕು. ಬೆಂಕಿ ತಡೆಯುವ ಈ ವಸ್ತು ತಾನೇ ಬೆಂಕಿಗೆ ಕಾರಣವಾಗಬಹುದು ಅನ್ನುವುದೂ ಗೊತ್ತಿರಲಿ: ಇದಕ್ಕೆ ತೂತು ಕೊರೆದರೆ, ಒಣಗಿದ್ದಾಗ ಸಾಣೆ ಹಿಡಿದರೆ ಬರುವ ಪುಡಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೊರೆಯಲೇಬಾರದು. ನೋಡಲು ಲೋಹದಂತಿದ್ದರೂ ಇದು ಗಾಜಿನ ಲೋಟದಂತೆ ಒಡೆಯುವ ವಸ್ತು. ಎರಡು ತುಂಡು ಡಿಕ್ಕಿಯಾದರೆ ಚೂರು ಕಣ್ಣಿಗೆ ಹಾರುತ್ತದೆ. ಮೇಲಿನ ನಿಕಲ್ ಲೇಪ ಕಿತ್ತುಹೋದರೆ ತುಕ್ಕು ಹಿಡಿದು ಪುಡಿಯಾಗುತ್ತದೆ.

ಮಕ್ಕಳ ವಿಷಯ ಚಿಕ್ಕದಾಗಿ, ಆದರೆ ಒತ್ತಿ ಹೇಳ್ತೀನಿ. ಒಂದು ಗೋಲಿ ಅಯಸ್ಕಾಂತ ನುಂಗಿದರೆ ಅದು ಹೊರಗೆ ಹೋಗಿಬಿಡಬಹುದು. ಎರಡನ್ನು ಬೇರೆ ಬೇರೆ ಹೊತ್ತಿನಲ್ಲಿ ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆ ನಿಂತು ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ನಿಂತು, ಕೊಳೆತು, ತೂತಾಗುತ್ತದೆ. ಆರಂಭದ ಲಕ್ಷಣ ಬರೀ ಹೊಟ್ಟೆನೋವು, ವಾಂತಿ. ಏನೋ ತಿಂದದ್ದು ಆಗಿಲ್ಲ ಅಂತ ಮನೆಯವರು ಸುಮ್ಮನಾದರೆ ಸಮಯ ಹೋಗುತ್ತದೆ. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಿ "ಮ್ಯಾಗ್ನೆಟ್" ಅನ್ನುವ ಪದವನ್ನೇ ಹೇಳಿ ಎಕ್ಸ್‌ರೇ ತೆಗೆಸಬೇಕು. ಅಮೆರಿಕದಲ್ಲಿ ಇಂಥ ಗೋಲಿಗಳ ಮೇಲೆ 2014ರಲ್ಲಿ ನಿಯಮ ಬಂತು, 2016ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 2022ರಲ್ಲಿ ಮತ್ತೆ ತರಬೇಕಾಯಿತು. ಮೂಗು ಚುಚ್ಚಿಸದೆ ಹಾಕಿಕೊಳ್ಳುವ ಮ್ಯಾಗ್ನೆಟ್ ಮೂಗುತಿ ಜಾತ್ರೆಗಳಲ್ಲಿ ಸಿಗುತ್ತಲ್ಲ, ಅದರಲ್ಲೂ ಎರಡು ತುಂಡು ಇರುತ್ತವೆ. ಮೂಗಿನ ನಡುಗೋಡೆಗೂ ಕರುಳಿಗೆ ಆಗುವುದೇ ಆಗಬಹುದು.

ಪ್ರಶ್ನೆಗೆ ಸಮಯ ಇದೆ ಅಂತ ಸಂಯೋಜಕರು ಹೇಳ್ತಿದಾರೆ. ಚಾಟ್‌ನಲ್ಲಿ ಮೇಡಂ ಒಬ್ಬರು ಕೇಳಿದ್ದಾರೆ: ಬೇಡವಾದ ತುಂಡುಗಳನ್ನು ಬಿಸಿ ಮಾಡಿ ಕಾಂತತ್ವ ತೆಗೆದು ಎಸೆಯಬಹುದಲ್ಲವೇ ಅಂತ. ತತ್ತ್ವದಲ್ಲಿ ಹೌದು ಮೇಡಂ, ಇದಕ್ಕಿರುವ ಒಂದೇ ಸ್ವಿಚ್ ಅದು. ಆದರೆ ಒಲೆಗೆ ಹಾಕಿದರೆ ಲೇಪ ಸುಟ್ಟು ಹೊಗೆ ಬರುತ್ತದೆ, ಚೂರು ಪುಡಿ ಇದ್ದರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ ಅದು ಬೇಡ. ತುಂಡುಗಳ ನಡುವೆ ಮರದ ಹಲಗೆ ಇಟ್ಟು, ಸುತ್ತ ದಪ್ಪ ಬಟ್ಟೆ ಸುತ್ತಿ, ಕಬ್ಬಿಣದ ಡಬ್ಬಿಯಲ್ಲಿ ಹಾಕಿ, ಮೇಲೆ ಬರೆದು ಇ-ತ್ಯಾಜ್ಯದವರಿಗೆ ಕೊಡುವುದು ಒಳ್ಳೆಯದು. ಡಬ್ಬಿಯ ಕಬ್ಬಿಣವೇ ಕಾಂತರೇಖೆಗಳ ಹೆಚ್ಚಿನ ಪಾಲನ್ನು ಒಳಗೆ ತಿರುಗಿಸುತ್ತದೆ, ಬೋಡಿಯ ಆ ತಗಡುಗಳ ಹಾಗೆಯೇ.

ಇನ್ನೊಬ್ಬರು ಚಿಕ್ಕಪ್ಪ ಈಗ ಏನು ಮಾಡ್ತಿದಾರೆ ಅಂತ ಕೇಳಿದಾರೆ. ಅವರ ವೈದ್ಯರ ಹತ್ತಿರ ಲೆಕ್ಕ ತೋರಿಸಿ ಮಾತಾಡಿಕೊಂಡು ಬಂದೆವು. ಹಬ್ ಮೋಟಾರ್ ಬಿಚ್ಚುವ ಮೇಜು ಈಗ ಮರದ್ದು, ಅಂಗಡಿಯ ಹಿಂಬದಿಗೆ ಹೋಗಿದೆ. ಅದರ ಮುಂದೆ ನೆಲದ ಮೇಲೆ ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ, ಮೇಜಿನಿಂದ ನಾಲ್ಕು ಮೊಳ ದೂರಕ್ಕೆ. ಲೆಕ್ಕದ ಪ್ರಕಾರ ಅಷ್ಟು ಬೇಡ, ಆದರೆ ಓಡಿಬರುವ ಮನುಷ್ಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಸ್ಕೂಟರ್ ಚಕ್ರ ಬಂದರೆ ಹುಡುಗ ಬಿಚ್ಚುತ್ತಾನೆ, ಪುಲ್ಲರ್ ಹಾಕಿಯೇ ಕೂರಿಸುತ್ತಾನೆ. ಸುರುಳಿಯ ಭಾಗ ಹೊರಗೆ ಬಂದ ಮೇಲೆ ಅದು ಬರೀ ಕಬ್ಬಿಣ, ತಾಮ್ರ. ಅದನ್ನು ಗೆರೆಯ ಈಚೆ ತಂದು ಚಿಕ್ಕಪ್ಪನ ಮುಂದೆ ಇಡುತ್ತಾನೆ. ವೈಂಡಿಂಗ್ ಅವರೇ ಮಾಡ್ತಾರೆ.